ಐಬಿಲಿ ಒಂದ್ ರಾತ್ರಿ: ಘಟ್ಟದ ಹಳೇ ಬಂಗಲೆಗಳ ಬಗ್ಗೆ ನೀವು ಕೇಳಿದ್ದು, ನಾ ಹೇಳಿದ್ದು

ಹೋದ ಸಂಚಿಕೆಲಿ ಜೋಗದ ಬ್ರಿಟಿಷ್ ಬಂಗಲೆ ಬಗ್ಗೆ ಸುಮ್ನೆ ನಾಲ್ಕು ಸಾಲು ಬರ್ದಿದ್ದೆ, ಮಳೆಗಾಲದಲ್ಲಿ ಹಳೇ ಬಂಗಲೆಲಿ ಮಲಗಿ ಹಂಚಿನ ಮೇಲೆ ಮಳೆ ಸುರಿಯೋದು ಕೇಳೋ ಸುಖವೇ ಬೇರೆ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ, ವಾಟ್ಸಾಪು ಬಂದು ಬೀಳುತ್ತೆ ಅಂದ್ಕೊಂಡಿರಲಿಲ್ಲ ಮಾರಾಯ್ರೆ. ಅರ್ಧ ಜನ ಬುಕಿಂಗ್ ಹೆಂಗೆ ಅಂತ, ಇನ್ನರ್ಧ ಜನ ಅಲ್ಲಿ ದೆವ್ವ ಇದ್ಯಾ ಅಂತ. ಹಂಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಅಕ್ಕಾ, ನಾವು ಐದು ಜನ ಫ್ರೆಂಡ್ಸ್ ಹೋದ ಜುಲೈಲಿ ಘಟ್ಟದ ಮೇಲಿನ ಒಂದು ಹಳೇ ಬಂಗಲೆಲಿ ಎರಡು ರಾತ್ರಿ ಉಳಿದ್ವಿ, ಯಾವ್ದು ಅಂತ ಹಾಕ್ಬೇಡಿ. ಹಾಸಿಗೆ ಥಂಡಿ, ಟವೆಲ್ಲು ಒಣಗ್ಲೇ ಇಲ್ಲ, ಸಂಜೆ ಹೋದ ಕರೆಂಟು ಬೆಳಿಗ್ಗೆ ಬಂತು, ಊಟಕ್ಕೆ ಎಂತ ಇದೆ ಅಂದ್ರೆ ಮೊದ್ಲೇ ಫೋನ್ ಮಾಡ್ಬೇಕಿತ್ತು ಅಂದ್ರು. ಕಣಿವೆ ನೋಡೋಕೆ ಅಂತ ಹೋದ್ರೆ ಎರಡೂ ದಿನ ಬರೀ ಮಂಜು. ಫೋಟೋ ನೋಡಿ ಮೋಸ ಹೋದ್ವಾ? (ಕುಮಟಾದಿಂದ)

ಉತ್ತರ: ತಮ್ಮಾ, ನೀ ನೋಡಿದ ಫೋಟೋ ನವೆಂಬರಿಂದು, ನೀ ಹೋಗಿದ್ದು ಜುಲೈಲಿ. ಜುಲೈಲಿ ಸಿರ್ಸಿ ಸೀಮೇಲಿ ನಮ್ಮ ಮನೆ ಟವೆಲ್ಲೇ ಒಣಗೋದಿಲ್ಲ, ಬಂಗಲೆದು ಹೆಂಗೆ ಒಣಗಬೇಕು ಹೇಳು. ಚಿರೆಕಲ್ಲಿನ ದಪ್ಪ ಗೋಡೆ ಬೇಸಿಗೆಲಿ ಎಷ್ಟು ತಂಪೋ ಮಳೆಗಾಲದಲ್ಲಿ ಅಷ್ಟೇ ನೀರು ಕುಡಿಯುತ್ತೆ.

ಊಟದ ವಿಷಯದಲ್ಲಿ ಮಾತ್ರ ತಪ್ಪು ನಿಮ್ದೇ. ಐಬಿ ಅಂದ್ರೆ ಇನ್ಸ್ಪೆಕ್ಷನ್ ಬಂಗಲೆ, ಡ್ಯೂಟಿ ಮೇಲೆ ಬಂದ ಅಧಿಕಾರಿಗಳು ತಂಗೋ ಸರ್ಕಾರಿ ಬಂಗಲೆ, ಹೋಟ್ಲಲ್ಲ. ಅಲ್ಲಿರೋದು ಒಬ್ಬ ಮೇಟಿ. ಕಸ ಗುಡಿಸೋನೂ ಅವ್ನೇ, ಹಂಡೆ ಒಲೆಗೆ ಬೆಂಕಿ ಹಾಕೋನೂ ಅವ್ನೇ, ಸಾಹೇಬ್ರು ಬಂದ್ರೆ ಚಾ ಕೊಡೋನೂ ಅವ್ನೇ, ಅಂಗಡಿ ಹತ್ತಿಪ್ಪತ್ತು ಕಿಲೋಮೀಟರ್ ದೂರ ಇರುತ್ತೆ, ಐದು ಜನ ಗಂಡ್ಮಕ್ಳು ರಾತ್ರಿ ಎಂಟು ಗಂಟೆಗೆ ಬಂದಿಳಿದು ಊಟ ಅಂದ್ರೆ ಅವ ಎಲ್ಲಿಂದ ತರಬೇಕು? ಒಂದಿನ ಮುಂಚೆ ಫೋನ್ ಮಾಡಿ ಇಷ್ಟು ಜನ, ಇಂತಾ ಹೊತ್ತಿಗೆ ಬರ್ತೀವಿ ಅಂತ ಹೇಳಿ ಸಾಮಾನಿಗೆ ದುಡ್ಡು ಕಳಿಸಿದ್ರೆ ಮುಗೀತು.

ನಾನೂ ಒಂದ್ಸಲ ಹಿಂಗೇ ಹೇಳ್ದೆ ಕೇಳ್ದೆ ಹೋಗಿದ್ದೆ. ಅಪ್ಪಯ್ಯ, ಆಯಿ, ನಾನು, ಆಗಸ್ಟ್ ತಿಂಗಳು, ಘಟ್ಟದ ತಿರುವಲ್ಲಿ ಮರ ಬಿದ್ದು ಬಸ್ಸು ನಿಂತು, ಕೊನೆಗೆ ಕತ್ತಲಾದ ಮೇಲೆ ಐಬಿ ಬಾಗಿಲು ತಟ್ಟಿದ್ವಿ. ಮೇಟಿ ನಮ್ಮನ್ನ ಮೇಲಿಂದ ಕೆಳಗೆ ನೋಡಿ ಮೊದಲು ಕೇಳಿದ್ದು ಪರ್ಮಿಟ್ ಅಲ್ಲ, "ಅಮ್ಮಂಗೆ ಬೇರೆ ಸೀರೆ ಇದ್ಯಾ?" ಅಂತ. ಅಡಿಗೆಮನೆಲಿ ಒಲೆಯ ಕೆಂಡ ಈಚೆಗೆ ಎಳ್ದು, ಅದರ ಮೇಲೆ ಒಂದು ಬಿದಿರು ಬುಟ್ಟಿ ಕವುಚಿ ಹಾಕಿ ನಮ್ಮ ಒದ್ದೆ ಬಟ್ಟೆನೆಲ್ಲ ಹರಡಿದ. ಬುಟ್ಟಿ ಸಂದಿಯಿಂದ ಹೊಗೆ ಸಣ್ಣಗೆ ಏಳ್ತಾ ಇತ್ತು, ಆಯಿ ಸೀರೆಲಿ ಆ ಹೊಗೆವಾಸ್ನೆ ಮೂರು ಸಲ ಒಗೆದ್ರೂ ಹೋಗಿರಲಿಲ್ಲ. ಊಟಕ್ಕೆ ಅವ ತನಗೆ ಮಾಡ್ಕೊಂಡಿದ್ದ ಕುಚ್ಚಲಕ್ಕಿ ಅನ್ನಕ್ಕೇ ಇನ್ನೆರಡು ಪಾವು ಬೇಯಿಸಿ, ಒಂದೆಲಗದ ತಂಬುಳಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ಕಣಿವೆ ನಮಗೂ ಕಾಣಲಿಲ್ಲ ಬಿಡು.

ಆದ್ರೆ ಹಾಸಿಗೆ ಬಗ್ಗೆ ನೀ ಹೇಳಿದ್ದು ನ್ಯಾಯವೇ. ಮಳೆ ಬಿಟ್ಟ ಗಳಿಗೇಲಿ ಹಾಸಿಗೆ ಜಗುಲಿಗೆ ಹಾಕೋದಕ್ಕೆ, ಒಡ್ದ ಹಂಚು ಬದಲಿಸೋದಕ್ಕೆ ಇತಿಹಾಸ ಅಡ್ಡ ಬರೋದಿಲ್ಲ. ಹಳೇದು ಅಂತ ಹೇಳಿ ಸೋರೋ ಮಾಡಿನ ಕೆಳಗೆ ಜನರನ್ನ ಮಲಗಿಸೋದು ನಂಗೂ ಆಗಿ ಬರಲ್ಲ. ಅಲ್ಲಿರೋ ರಿಜಿಸ್ಟರಲ್ಲಿ ದಿನಾಂಕ ಹಾಕಿ ಬರೀರಿ, ಜಗಳ ಮಾತ್ರ ಮೇಟಿ ಹತ್ರ ಆಡ್ಬೇಡಿ. ಹಂಚು ತರಿಸೋ ಅಧಿಕಾರ ಅವನ ಕೈಲಿಲ್ಲ.

ಪ್ರಶ್ನೆ: ಇಷ್ಟು ದೊಡ್ಡ ದೊಡ್ಡ ಬಂಗಲೆನ ಕಾಡೊಳಗೆ ಯಾರು ಬರ್ತಾರೆ ಅಂತ ಕಟ್ಟಿದ್ರು? ಬರೀ ಬೇಟೆಗಾ? (ಸಿದ್ದಾಪುರದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಬೇಟೆ ಆಮೇಲಿಂದು ತಂಗೀ, ಮೊದಲು ಟಪಾಲು, ಕಂದಾಯ, ಹತ್ತಿ, ಮರ. ಕುದುರೆ ಮೇಲೋ ಮೇನೆಲೋ ಹೊರಟ ಮನುಷ್ಯ ಒಂದಿನಕ್ಕೆ ಎಷ್ಟು ದೂರ ಹೋಗಬಲ್ಲ ಅನ್ನೋ ಲೆಕ್ಕದ ಮೇಲೆ ಅವರು ದಾರಿಲಿ ಬಂಗಲೆ ಕಟ್ಕೊಂಡು ಹೋದ್ರು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರ ತನಕ ಮದ್ರಾಸಿಗೆ ಸೇರಿತ್ತು. ಆ ವರ್ಷ ಬಾಂಬೆಗೆ ಹೋಯ್ತು, ಯಾಕಂದ್ರೆ ಧಾರವಾಡದ ಹತ್ತಿ ಇಳಿಸೋಕೆ ಬಾಂಬೆ ವ್ಯಾಪಾರಿಗಳಿಗೆ ಕಾರವಾರ ಬಂದರು ಬೇಕಿತ್ತು. ಅಮೆರಿಕದಲ್ಲಿ ಆಗ ಅಂತರ್ಯುದ್ಧ, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತು ಇಲ್ಲಿನದಕ್ಕೆ ಚಿನ್ನದ ಬೆಲೆ. ತಮಾಷೆ ಏನಂದ್ರೆ ಹತ್ತಿ ಬೆಳೆಯೋದು ಧಾರವಾಡದ ಕಡೆ, ಹಡಗು ಹತ್ತೋದು ಕುಮಟಾದಲ್ಲಿ, ಅದಕ್ಕೇ ವಿಲಾಯತಿ ಮಾರ್ಕೆಟ್ಟಲ್ಲಿ ಅದರ ಹೆಸರೇ ಕುಮಟಾ ಹತ್ತಿ ಅಂತ ಆಗೋಯ್ತು, ಕುಮಟಾದಲ್ಲಿ ಒಂದು ಹತ್ತಿ ಗಿಡ ಇಲ್ಲದಿದ್ರೂ. ಆ ಮೂಟೆಗಳೆಲ್ಲ ಎತ್ತಿನ ಗಾಡಿಲಿ ಇಳಿದದ್ದು ನಾವು ಈಗ ವಾಂತಿ ಮಾಡ್ಕೊಂಡು ಇಳಿಯೋ ಘಟ್ಟಗಳಲ್ಲೇ.

ಜೋಗದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಶರಾವತಿ ಈಚೆ ದಡ ಬಾಂಬೆ, ಆಚೆ ದಡ ಮೈಸೂರು, ಎರಡೂ ಕಡೆ ಒಂದೊಂದು ಬಂಗಲೆ. 1956ರಲ್ಲಿ ರಾಜ್ಯ ಒಂದಾಯ್ತು, ಆದ್ರೂ ಹಳಬರ ಬಾಯಲ್ಲಿ ನಮ್ಮ ಸಿದ್ದಾಪುರ ತಾಲೂಕಿನದು ಇನ್ನೂ ಬಾಂಬೆ ಬಂಗಲೆಯೇ.

ಟಪಾಲು ದಾರಿಲಿ ಪ್ರಯಾಣಿಕರು ತಂಗ್ತಿದ್ದ ಆಗಿನ ಡಾಕ್ ಬಂಗಲೆಗಳ ನಿಯಮ ಕೇಳಿದ್ರೆ ನಗು ಬರುತ್ತೆ. 24 ಗಂಟೆ ಆದ ಮೇಲೆ ಬೇರೆ ಪ್ರಯಾಣಿಕ ಬಂದ್ರೆ ಜಾಗ ಬಿಟ್ಕೊಡಬೇಕು. ದೊರೆ ಬಂದು ಕೂತ ಅಂದ್ರೆ ಅಡಿಗೆ ಮಾಡೋ ಖಾನ್ಸಾಮ ಅಂಗಳದಲ್ಲಿ ಓಡಾಡೋ ಕೋಳಿ ಹಿಡಿದು ಅರ್ಧ ಗಂಟೇಲಿ ತಟ್ಟೆಗೆ ಹಾಕ್ತಿದ್ದ. ಆ ಅಡಿಗೆಗೆ ದೊರೆಗಳೇ ಇಟ್ಟ ಹೆಸರು ಸಡನ್ ಡೆತ್, ಅಂದ್ರೆ ದಿಢೀರ್ ಸಾವು. ಕೋಳಿದಾ ತಿಂದವರದಾ ಅಂತ ನಂಗೆ ಯಾವಾಗ್ಲೂ ಡೌಟು.

ಪ್ರಶ್ನೆ: ನಾನು ಕೆಲಸದ ಮೇಲೆ ಆಗಾಗ ಪ್ರವಾಸಿ ಮಂದಿರಗಳಲ್ಲಿ ಉಳೀಬೇಕಾಗುತ್ತೆ. ಒಂದ್ಕಡೆ ರಾತ್ರಿ ಪೂರ್ತಿ ಮಾಡಿನ ಮೇಲೆ ಯಾರೋ ನಡೆದಂಗೆ ಸದ್ದು, ಬೆಳಗಿನ ಜಾವ ನಾಲ್ಕೂವರೆ ಐದಕ್ಕೆ ಹೊರಗೆ ಯಾರೋ ಸಿಳ್ಳೆ ಹೊಡೀತಾರೆ, ಹೋಗಿ ನೋಡಿದ್ರೆ ಯಾರೂ ಇಲ್ಲ. ನಗ್ಬೇಡಿ. (ಅಂಕೋಲಾದಿಂದ)

ಉತ್ತರ: ನಗ್ತಾ ಇಲ್ಲ, ನಾನೂ ಹೆದರ್ಕೊಂಡವಳೇ. ಮೇಲೆ ಹೇಳಿದ ಅದೇ ಐಬಿಲಿ ರಾತ್ರಿ ಒಂದು ಗಂಟೆಗೆ ಧಡ ಧಡ ಅಂತ ಶುರು ಆಯ್ತು, ಆಯಿ ನನ್ನ ಕೈ ಹಿಡಿದ ಹಿಡಿತ ಈಗ್ಲೂ ನೆನಪಿದೆ. ಅಪ್ಪಯ್ಯ ಮೇಟಿನ ಕರೆದ. ಅವ ಟಾರ್ಚು ತಂದ, ಆ ಟಾರ್ಚಿನ ಬೆಳಕು ಅವನ ಕಾಲಿಗೇ ಸಾಲ್ತಿರಲಿಲ್ಲ, ಕೈಗೆ ನಾಲ್ಕು ಸಲ ಕುಟ್ಟಿ ಮೇಲೆ ಬಿಟ್ಟ, ಅಟ್ಟದ ಸಂದಿಲಿ ಎರಡು ಕಣ್ಣು ಫಳ್ ಅಂದ್ವು. ಕಬ್ಬೆಕ್ಕು! "ಇದ್ರ ಅಜ್ಜನ ಕಾಲದಿಂದ ಇಲ್ಲೇ ಇದಾವೆ, ಬಾಡಿಗೆ ಮಾತ್ರ ಕೊಟ್ಟಿಲ್ಲ" ಅಂದ ಮೇಟಿ, ಹೋಗಿ ಮಲಗಿದ.

ಹಂಚಿನ ಮಾಡು, ಮರದ ತೊಲೆ, ಕೆಳಗೆ ಹಲಗೆ ಮುಚ್ಚಿಗೆ, ನಡುವೆ ಖಾಲಿ ಅಟ್ಟ. ಅದು ತಬಲ ಇದ್ದಂಗೆ, ಇಲಿ ಓಡಿದ್ರೂ ಮನುಷ್ಯ ಓಡಿದಂಗೆ ಕೇಳುತ್ತೆ. ಹಗಲಿನ ಬಿಸಿಲಿಗೆ ಹಿಗ್ಗಿದ ಮರ ರಾತ್ರಿ ತಂಪಾಗಿ ಕುಗ್ಗುವಾಗ ಲಟ್ ಅನ್ನೋದು ಬೇರೆ.

ಸಿಳ್ಳೆ ವಿಷಯ ಇನ್ನೂ ಚೆಂದ. ನಿಮ್ಮ ಬಂಗಲೆ ಪಕ್ಕ ಹಳ್ಳ ಇತ್ತಾ? ಇದ್ದೇ ಇರುತ್ತೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಒಂದು ಹಕ್ಕಿ ಇದೆ, ಮೈ ಕಪ್ಪು ನೀಲಿ, ಹಣೆ ಮೇಲೆ, ಭುಜದ ಹತ್ರ ಹೊಳೆಯೋ ನೀಲಿ ಪಟ್ಟೆ, ಹಳ್ಳದ ಬಂಡೆ ಮೇಲೆ ಕೂತು ಬೆಳಕು ಹರಿಯೋ ಮೊದಲೇ ಹಾಡೋಕೆ ಶುರು ಮಾಡುತ್ತೆ. ಹಾಡು ಅಂದ್ರೆ ಹಕ್ಕಿ ಹಾಡಿನಂಗೆ ಅಲ್ಲ, ಥೇಟ್ ಮನುಷ್ಯರ ಸಿಳ್ಳೆ, ಅದೂ ರಾಗ ಮರ್ತೋದ ಹುಡುಗನ ಸಿಳ್ಳೆ, ಏರುತ್ತೆ, ಇಳಿಯುತ್ತೆ, ನಡುವೆ ಎಲ್ಲೋ ತಪ್ಪಿ ಹೋಗುತ್ತೆ. ಇಂಗ್ಲಿಷಲ್ಲಿ ಅದಕ್ಕೆ ಸಿಳ್ಳೆ ಹೊಡೆಯೋ ಶಾಲೆಹುಡುಗ ಅಂತಲೇ ಅಡ್ಡಹೆಸರು. ಮಳೆಗಾಲದಲ್ಲಿ ಜಾಸ್ತಿ. ಮುಂದಿನ ಸಲ ಚಾದರ ಹೊದ್ಕೊಂಡೇ ಕಿಟಕಿ ಹತ್ರ ಬಂದು ಕೂರಿ.

ಪ್ರಶ್ನೆ: ಜೋಗದ ಬ್ರಿಟಿಷ್ ಬಂಗಲೆಲಿ ರೂಮು ನಮ್ಮಂತವರಿಗೆ ಸಿಗುತ್ತಾ? ಅಲ್ಲಿಂದ ಜಲಪಾತ ಕಾಣುತ್ತಾ? (ಹಳಿಯಾಳದಿಂದ)

ಉತ್ತರ: ಅದು ಲೋಕೋಪಯೋಗಿ ಇಲಾಖೆದು, ಹಂಗಾಗಿ ಇಲಾಖೆ ಕಚೇರಿಲೇ ಕೇಳಿ ಮೊದ್ಲೇ ಪರ್ಮಿಷನ್ ತಗೊಳ್ಳಿ, ಸುಮ್ನೆ ಗೇಟ್ ಹತ್ರ ಹೋಗಿ ನಿಲ್ಬೇಡಿ. ಇಂತಾ ಸರ್ಕಾರಿ ಬಂಗಲೆಲಿ ಡ್ಯೂಟಿ ಮೇಲೆ ಬಂದ ಅಧಿಕಾರಿಗಳಿಗೆ ಮೊದಲ ಆದ್ಯತೆ, ನಿಮ್ಮ ರೂಮು ಕೊನೇ ಗಳಿಗೆಲಿ ಹೋದ್ರೂ ಹೋಯ್ತು, ಅದಕ್ಕೆ ಸಿದ್ದಾಪುರದಲ್ಲೋ ಸಾಗರದಲ್ಲೋ ಇನ್ನೊಂದು ಜಾಗ ನೋಡಿಟ್ಕೊಂಡೇ ಹೊರಡಿ. ಜಲಪಾತದ ಎದುರಿನ ನೋಟ ಬೇಕಂದ್ರೆ ಆಚೆ ದಡಕ್ಕೇ ಹೋಗ್ಬೇಕು. ಬಂಗಲೆ ಕಡೆಯಿಂದ ಸಿಗೋದು ಜೋಗದ ನಾಲ್ಕು ಧಾರೆಲಿ ಒಂದಾದ ರಾಜ ಬೀಳೋ ತಲೆಭಾಗ, ಅಂದ್ರೆ 830 ಅಡಿ ಬೀಳೋ ಮುಂಚೆ ನೀರು ಹೆಂಗಿರುತ್ತೆ ಅನ್ನೋದು. ನಂಗೆ ಅದೇ ಇಷ್ಟ. ಮಳೆಗಾಲದಲ್ಲಿ ಆ ಬಂಡೆ ಅಂಚಿಗೆ ಮಾತ್ರ ಸುಳೀಬೇಡಿ, ಪಾಚಿ ಕಟ್ಟಿರುತ್ತೆ.

ಪ್ರಶ್ನೆ: ಚಿಕ್ಕ ಮಕ್ಕಳಿದಾರೆ, ಉಂಬಳದ್ದೇ ಭಯ. ಮಳೆಗಾಲ ಬಿಟ್ಟು ಬೇಸಿಗೆಲಿ ಬಂದ್ರೆ ಸೇಫಾ? (ಹುಬ್ಬಳ್ಳಿಯಿಂದ ಒಬ್ಬ ತಾಯಿ)

ಉತ್ತರ: ಉಂಬಳ ಕಚ್ಚಿದ್ರೆ ನೋವಿಲ್ಲ, ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದಂಗೆ ಮಾಡೋ ಅಂಶ ಇರೋದ್ರಿಂದ ಸ್ವಲ್ಪ ಹೊತ್ತು ಸೋರುತ್ತೆ ಅಷ್ಟೇ, ನೋಡೋಕೆ ಮಾತ್ರ ಕೊಲೆ ಆದಂಗೆ. ಎಳೀಬೇಡಿ, ಕಚ್ಚಿದ ಬಾಯಿ ಹತ್ರ ಉಗುರಿಂದ ಮೆಲ್ಲಗೆ ತಳ್ಳಿ. ನಮ್ಮವರು ಸುಣ್ಣ ಮುಟ್ಟಿಸ್ತಾರೆ. ನಿಜವಾಗಿ ಹುಷಾರಾಗಿರಬೇಕಾದ್ದು ಬೇಸಿಗೆಲಿ, ಉಣುಗಿನ ವಿಷಯದಲ್ಲಿ. ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರಲ್ಲಿ, ಸಿದ್ದಾಪುರದ ಕಡೆಗೂ ಬಂದಿದೆ, ಡಿಸೆಂಬರಿಂದ ಮೇ ತನಕ ಅದರ ಕಾಲ. ಹೊರಡೋ ಮುಂಚೆ ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಮಕ್ಕಳನ್ನ ತರಗೆಲೆ ಮೇಲೆ ಕೂರಿಸ್ಬೇಡಿ, ತುಂಬು ತೋಳಿನ ಬಟ್ಟೆ ಹಾಕಿ. ಸತ್ತ ಮಂಗ ಕಂಡ್ರೆ ದೂರ ಇರಿ, ಆರೋಗ್ಯ ಇಲಾಖೆಗೆ ತಿಳಿಸಿ. ಮಕ್ಕಳ ಜೊತೆ ಅಂದ್ರೆ ಮಳೆ ಇಳಿದ ಮೇಲೆ, ಅಕ್ಟೋಬರ್ ನವೆಂಬರ್, ಕಣ್ಣು ಮುಚ್ಚಿ ಬನ್ನಿ.

ಪ್ರಶ್ನೆ: ಮಗಳು ಸ್ವಿಜರ್ಲೆಂಡಲ್ಲಿದಾಳೆ. ಹೋದ ವರ್ಷ ಹೋದಾಗ ಗ್ರೇಟ್ ಸೇಂಟ್ ಬರ್ನಾರ್ಡ್ ಅನ್ನೋ ಕಣಿವೆದಾರಿಯ ಛತ್ರಕ್ಕೆ ಕರ್ಕೊಂಡು ಹೋಗಿದ್ಲು. ಸಾವಿರ ವರ್ಷದ್ದಂತೆ! ನಮ್ಮಲ್ಲಿ ನೂರೈವತ್ತು ವರ್ಷದ್ದಕ್ಕೇ ಇಷ್ಟು ಮಾತಾಡ್ತೀವಿ. (ಹೊನ್ನಾವರದಿಂದ)

ಉತ್ತರ: ಪುಣ್ಯ ಮಾಡಿದೀರಿ. ಛತ್ರ ಅನ್ನೋ ಮಾತು ಸರಿಯಾಗಿ ಹಾಕಿದೀರಿ ನೋಡಿ, ಅದು ಹೋಟ್ಲಲ್ಲ, ಛತ್ರವೇ. ಹನ್ನೊಂದನೇ ಶತಮಾನದಲ್ಲಿ ಬರ್ನಾರ್ಡ್ ಅನ್ನೋ ಪಾದ್ರಿ, ಇಟಲಿ ಕಡೆಗೆ ಆಲ್ಪ್ಸ್ ದಾಟೋ ಜನ ಹಿಮದಲ್ಲಿ ಸಾಯ್ತಾರೆ, ಕಳ್ಳರ ಕೈಗೆ ಸಿಗ್ತಾರೆ ಅಂತ ಕಟ್ಟಿಸಿದ್ದು, 2,469 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿನೂ ಅದರ ಕೆಳಗೇ. ಚಳಿಗಾಲದಲ್ಲಿ ರಸ್ತೆ ಮುಚ್ಚಿ ಹೋಗುತ್ತೆ, ಆಗ ಹಿಮದ ಮೇಲೆ ಸ್ಕೀನೋ ಸ್ನೋಶೂನೋ ಕಟ್ಕೊಂಡೇ ಹೋಗ್ಬೇಕು, ಆಗ್ಲೂ ಬಾಗಿಲು ತೆಗೆದಿರುತ್ತೆ. ಹಿಮದಲ್ಲಿ ಹೂತವರನ್ನ ಹುಡುಕೋ ದೊಡ್ಡ ನಾಯಿಗಳು ಅಲ್ಲಿಂದಲೇ ಹೆಸರು ಪಡೆದದ್ದು. ಆದ್ರೆ ಚಿತ್ರದಲ್ಲೆಲ್ಲ ನಾಯಿ ಕೊರಳಿಗೆ ಬ್ರಾಂಡಿ ಪೀಪಾಯಿ ಕಟ್ಟಿರ್ತಾರಲ್ಲ, ಅದು ಕಟ್ಟುಕತೆ. ನಿಮ್ಮ ಮಗಳಿಗೂ ಹೇಳಿ. 1964ರಲ್ಲಿ ಬೆಟ್ಟದ ಕೆಳಗೆ ಸುರಂಗ ಆಯ್ತು, ದಾಟೋಕೆ ಛತ್ರ ಯಾರಿಗೂ ಬೇಕಿಲ್ಲ ಈಗ, ಆದ್ರೂ ಜನ ಹತ್ತಿ ಹೋಗ್ತಾರೆ. ನಮ್ಮ ಐಬಿಗಳದ್ದೂ ಅದೇ ಕತೆ, ಕಾರಲ್ಲಿ ಸಿರ್ಸಿಯಿಂದ ಕುಮಟಾ ಎರಡು ಗಂಟೆ ದಾರಿ, ನಡುವೆ ರಾತ್ರಿ ಕಳೀಲೇಬೇಕಾದವರು ಯಾರಿದಾರೆ.

ಪ್ರಶ್ನೆ: ಮೇಟಿಗೆ ಟಿಪ್ಸ್ ಎಷ್ಟು ಕೊಡ್ಬೇಕು? ಕೊಟ್ರೆ ಬೇಜಾರು ಮಾಡ್ಕೊಳ್ತಾರಾ? (ಯಲ್ಲಾಪುರದಿಂದ)

ಉತ್ತರ: ಕೊಡಿ, ಧಾರಾಳವಾಗಿ ಕೊಡಿ. ಅಡಿಗೆ ಮಾಡ್ಸಿದ್ರೆ ಸಾಮಾನಿನ ದುಡ್ಡು ಬೇರೆ, ಕೈಗೆ ಕೊಡೋದು ಬೇರೆ, ಎರಡನ್ನೂ ಕಲಸಬೇಡಿ. ನಮ್ಮ ಮೇಟಿ ಮಾತ್ರ ಅಪ್ಪಯ್ಯ ಕೊಟ್ಟ ನೋಟನ್ನ ವಾಪಸ್ ಜೇಬಿಗೇ ತುರುಕಿ, "ಮುಂದಿನ ಸಲ ಬರುವಾಗ ಎರಡು ಸೆಲ್ಲು ತನ್ನಿ, ದೊಡ್ಡದು" ಅಂದಿದ್ದ. ಮುಂದಿನ ವರ್ಷ ಸಿರ್ಸಿ ಪೇಟೆಲಿ ನಾಲ್ಕು ಸೆಲ್ಲು ತಗೊಂಡು ಹೋದ್ವಿ. ಟಾರ್ಚು ಅಷ್ಟೊತ್ತಿಗೆ ಕೆಟ್ಟು ಮೂಲೆ ಸೇರಿತ್ತು. ಅವ ಸೆಲ್ಲುಗಳನ್ನ ರೇಡಿಯೋಕ್ಕೆ ಹಾಕಿ, ಧಾರವಾಡ ಸ್ಟೇಷನ್ ತಿರುವಿ, ಜೋರಾಗಿ ಇಟ್ಟು ಒಳಗೆ ಚಾ ಮಾಡೋಕೆ ಹೋದ.