ಪೊರೆಗೆ ಬೇಕು-ಬೇಡ ಗೊತ್ತಿಲ್ಲ

ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ನೀವು ಬರೆದು ಕಳಿಸಿದ ಜೀವಕೋಶದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಚಿತ್ರಗಳನ್ನು ನೀವೇ ಬಿಡಿಸಿದ್ದೀರಿ, ಸಂತೋಷ. ಆದರೆ ಅದರ ಒಂದೆರಡು ಮಾತು ಓದಿ ಸಿಟ್ಟು ಬಂತು. ಅವನ್ನಷ್ಟೇ ಹಿಡಿದು ಬರೆಯುತ್ತಿದ್ದೇನೆ.

'ಕೋಶಪೊರೆಯು ಕಾವಲುಗಾರನಂತೆ ಬೇಕಾದುದನ್ನು ಒಳಗೆ ಬಿಟ್ಟು ಬೇಡವಾದುದನ್ನು ತಡೆಯುತ್ತದೆ' ಎಂದಿದ್ದೀರಿ. ಈ ಕಾವಲುಗಾರನನ್ನು ಎಷ್ಟೋ ಲೇಖನಗಳಲ್ಲಿ ನೋಡಿದ್ದೇನೆ. ಕಾರ್ಬನ್ ಮಾನಾಕ್ಸೈಡ್ ಕೋಶಕ್ಕೆ ಬೇಕಾದುದೇ? ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿಕೊಂಡು ಮಲಗಿದವರ ಜೀವ ತೆಗೆಯುವ ಅನಿಲ ಅದು. ಪೊರೆ ಅದನ್ನು ತಡೆಯುವುದಿಲ್ಲ. ಅಣು ಚಿಕ್ಕದು, ಪೊರೆಯ ಕೊಬ್ಬಿನ ಪದರದ ಮೂಲಕ ಆಮ್ಲಜನಕದ ಹಾಗೆಯೇ ನುಸುಳಿಬಿಡುತ್ತದೆ. ಅದೇ ಗ್ಲೂಕೋಸ್ ನೋಡಿ. ಕೋಶಕ್ಕೆ ಅಷ್ಟು ಬೇಕಾದರೂ ಸಾಗಿಸುವ ಪ್ರೋಟೀನ್ ಇಲ್ಲದೆ ಅದು ಒಳಬರಲಾರದು. ಸ್ನಾಯುಕೋಶದಲ್ಲಿ ಆ ಪ್ರೋಟೀನುಗಳಲ್ಲಿ ಬಹುಪಾಲು ಒಳಗೇ ಇರುತ್ತವೆ, ಇನ್ಸುಲಿನ್ ಬಂದಾಗ ಪೊರೆಗೆ ಬಂದು ಸೇರುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಇದು ಕೆಡುತ್ತದೆ. ರಕ್ತದ ತುಂಬ ಸಕ್ಕರೆ ಇದ್ದರೂ ಸ್ನಾಯುವಿಗೆ ಸಾಕಷ್ಟು ದಕ್ಕುವುದಿಲ್ಲ. ನಿಮ್ಮ ಲೇಖನ ಓದುವ ಹುಡುಗಿಯ ಮನೆಯಲ್ಲೇ ಅಜ್ಜಿ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರಬಹುದು. ಅದು ಯಾಕೆಂದು ಅವಳಿಗೆ ಇಲ್ಲಿ ತಿಳಿಯಬೇಕಿತ್ತಲ್ಲವೇ?

ಅದರ ಕೆಳಗೇ 'ಸಕ್ರಿಯ ಸಾಗಣೆಗೆ ಶಕ್ತಿ ಬೇಕು' ಎಂದು ಬರೆದು ಮುಂದೆ ಹೋಗಿದ್ದೀರಿ. ಏನನ್ನು ಸಾಗಿಸಲು, ಎಲ್ಲಿಂದ ಎಲ್ಲಿಗೆ? ಒಂದು ವಸ್ತುವನ್ನು ಅದು ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ದೂಡುವುದೇ ಸಕ್ರಿಯ ಸಾಗಣೆ. ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಲ್ಲಿ ಒಂದು ಕಿಣ್ವ ಕಂಡು 1957ರಲ್ಲಿ ಅದರ ವಿವರ ಪ್ರಕಟಿಸಿದರು. ಇವತ್ತು ನಾವು ಸೋಡಿಯಂ-ಪೊಟ್ಯಾಸಿಯಂ ಪಂಪ್ ಎನ್ನುವುದು ಅದನ್ನೇ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣು ಒಂದು ಖರ್ಚಾದರೆ 3 ಸೋಡಿಯಂ ಅಯಾನು (ವಿದ್ಯುದಂಶವಿರುವ ಕಣ) ಹೊರಕ್ಕೆ, 2 ಪೊಟ್ಯಾಸಿಯಂ ಅಯಾನು ಒಳಕ್ಕೆ. ಪಂಪ್ ನಿಂತರೆ ಸೋಡಿಯಂ ಒಳಗೆ ತುಂಬಿಕೊಳ್ಳುತ್ತದೆ, ಅದರ ಹಿಂದೆಯೇ ನೀರು ನುಗ್ಗಿ ಕೋಶ ಊದಿಕೊಳ್ಳುತ್ತದೆ. ಸ್ಕೌ ಅವರಿಗೆ 1997ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಈ ಕೆಲಸಕ್ಕೆ. ಇಷ್ಟು ರೋಚಕವಾದುದನ್ನು ನಾಲ್ಕೇ ಪದಕ್ಕೆ ಇಳಿಸಿದರೆ ಮಕ್ಕಳು ಉರು ಹೊಡೆಯುತ್ತಾರೆ ಅಷ್ಟೆ.

ಇನ್ನೊಂದು ಮಾತು: 'ಎರಡು ವಿಭಜನೆಗಳ ನಡುವೆ ಕೋಶ ವಿಶ್ರಾಂತಿ ಪಡೆಯುತ್ತದೆ.' ಖಂಡಿತ ಇಲ್ಲ. ಕೋಶ ಬೆಳೆಯುವುದು ಆಗ, ಡಿಎನ್‌ಎ ಪೂರ್ತಿ ನಕಲಾಗುವುದೂ ಆಗಲೇ. ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯರ ಕೋಶ ಸುಮಾರು 24 ಗಂಟೆಗೊಮ್ಮೆ ಇಬ್ಭಾಗವಾಗುತ್ತದೆ ಎಂದಿಟ್ಟುಕೊಳ್ಳಿ. ಡಿಎನ್‌ಎ ಹೊತ್ತ ಕ್ರೋಮೋಸೋಮುಗಳು ಗಟ್ಟಿಯಾಗಿ, ಸಾಲುಗಟ್ಟಿ, ಬೇರ್ಪಡುವುದೆಲ್ಲ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಮಿಕ್ಕ ಹೊತ್ತೆಲ್ಲ ಅದಕ್ಕೆ ತಯಾರಿ.

ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ಉಪಸಂಪಾದಕನಾಗಿ ಸೇರಿದ ಹೊಸದರಲ್ಲಿ ಇಂಥದೇ ಲೇಖನ ತಿದ್ದಲು ಕೂತಿದ್ದೆ. ನಮ್ಮ ಹಿರಿಯ ಸಂಪಾದಕರು ಹಸ್ತಪ್ರತಿ ಕಿತ್ತುಕೊಂಡು, 'ಮೊದಲು ನೋಡಿಕೊಂಡು ಬಾ' ಎಂದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿಗೆ ಅಟ್ಟಿದರು. ಅಲ್ಲಿನ ಮೇಷ್ಟ್ರು ಈರುಳ್ಳಿ ಬೇರಿನ ತುದಿ ಕತ್ತರಿಸಿ, ಆಮ್ಲದಲ್ಲಿ ಬೆಚ್ಚಗೆ ಮಾಡಿ, ಅಸಿಟೊಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ, ಗಾಜಿನ ಮೇಲೆ ಒತ್ತು ಕಾಗದ ಇಟ್ಟು ಹೆಬ್ಬೆರಳಿನಿಂದ ಒತ್ತಿ ಕೊಟ್ಟರು. ಪುಸ್ತಕದ ಚಿತ್ರದಂತೆ ಹಂತಗಳು ಸಾಲಾಗಿ ಕಾಣುತ್ತವೆ ಎಂದುಕೊಂಡಿದ್ದೆ. ಕಂಡದ್ದು ಬರೀ ದುಂಡನೆಯ ಕೆಂಪು ಕೋಶಕೇಂದ್ರಗಳು, ಅಂದರೆ ಎರಡು ವಿಭಜನೆಗಳ ನಡುವಿನ ಕೋಶಗಳು. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ವಿಭಜನೆಯಾಗುತ್ತಿದ್ದ ಕೋಶದ ಗಾಢವಾದ ಎಳೆಗಳು. ಮೇಷ್ಟ್ರು 'ಎಣಿಸಿ' ಎಂದರು. ಬೇರಿನ ತುದಿ ಕತ್ತರಿಸಿ ದ್ರಾವಣಕ್ಕೆ ಹಾಕಿದ ಗಳಿಗೆಯಲ್ಲಿ ಯಾವ ಕೋಶ ಯಾವ ಹಂತದಲ್ಲಿತ್ತೋ ಹಾಗೆಯೇ ನಿಂತುಬಿಟ್ಟಿರುತ್ತದೆ. ಹೆಚ್ಚು ಹೊತ್ತು ಹಿಡಿಯುವ ಹಂತದಲ್ಲಿ ಹೆಚ್ಚು ಕೋಶಗಳು ಸಿಗುತ್ತವೆ. ಸತ್ತ ಕೋಶಗಳನ್ನು ಎಣಿಸಿ ಜೀವಂತ ಕೋಶದ ಗಡಿಯಾರ ಓದಬಹುದು ಎಂದು ತಿಳಿದ ಆ ಮಧ್ಯಾಹ್ನ ನನಗೆ ಊಟ ನೆನಪಾಗಲಿಲ್ಲ.

ನಿಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ಮಕ್ಕಳ ಜೊತೆ ಕೂತು ಎಣಿಸಿ, ಕಂಡದ್ದನ್ನೇ ಬರೆಯಿರಿ.  ಪೊರೆಯ ಪ್ಯಾರಾವನ್ನು ಗ್ಲೂಕೋಸ್‌ನಿಂದ ಶುರುಮಾಡಿ, ಪಂಪಿಗೆ ಒಂದು ಪೂರ್ತಿ ಪ್ಯಾರಾ ಕೊಡಿ. ವಿಭಜನೆಯ ಚಿತ್ರದಲ್ಲಿ ನಾಲ್ಕು ಹಂತ ಬರೆದು ಇಂಟರ್‌ಫೇಸ್, ಅಂದರೆ ಎರಡು ವಿಭಜನೆಗಳ ನಡುವಿನ ಆ ಹೊತ್ತನ್ನೇ ಬಿಟ್ಟಿದ್ದೀರಿ. ಅದನ್ನೂ ಬಿಡಿಸಿ ಕಳಿಸಿ, ಅಲ್ಲಿಯವರೆಗೆ ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.