ದನವಿಲ್ಲದ ಊರಿಗೆ ಗೋಮಾಳವೇಕೆ?

ಮಾನ್ಯರೇ,

ಕೋಲಾರ ಜಿಲ್ಲೆಯ ನಿಮ್ಮ ಊರಿನಲ್ಲಿ ಮನೆಗಳು ಒಂದೇ ತಲೆಮಾರಿನಲ್ಲಿ ಇಮ್ಮಡಿಯಾಗಿ, ಗ್ರಾಮಠಾಣೆಯಲ್ಲಿ, ಅಂದರೆ ಮನೆಗಳಿಗೆಂದು ಗುರುತಿಸಿದ ಊರಿನ ನೆಲದಲ್ಲಿ, ಅಂಗೈಯಗಲ ಜಾಗವೂ ಉಳಿದಿಲ್ಲವೆಂದು ಬರೆದು, "ದನಗಳೇ ಕರಗಿದ ಮೇಲೆ ಅವುಗಳ ಮೇವಿಗೆಂದು ಬಿಟ್ಟ ಗೋಮಾಳವನ್ನು ನಿವೇಶನವಾಗಿ ಹಂಚಿದರೆ ತಪ್ಪೇನು?" ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ. 1961ರಲ್ಲಿ ಸುಮಾರು 2.36 ಕೋಟಿಯಿದ್ದ ರಾಜ್ಯದ ಜನಸಂಖ್ಯೆ 2011ರ ಹೊತ್ತಿಗೆ 6.11 ಕೋಟಿಯಾಯಿತು; ಊರಿನ ಎಲ್ಲೆಗಲ್ಲುಗಳು ಮಾತ್ರ ನೆಟ್ಟಲ್ಲೇ ಇವೆ.

1966ರ ಭೂಕಂದಾಯ ನಿಯಮಗಳು ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆನ್ನುತ್ತವೆ. ದನ ಕಡಿಮೆಯಾದರೆ ಉಳಿದದ್ದು 'ಹೆಚ್ಚುವರಿ' ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ಆದರೆ ಈ ಲೆಕ್ಕದಲ್ಲಿ ದನವಿದೆ, ನೀರಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ನಿಮ್ಮ ಜಿಲ್ಲೆಯಲ್ಲಿ ಕೆರೆಯೇ ಆಸರೆ. ಎಷ್ಟೋ ಊರುಗಳಲ್ಲಿ ಮಳೆನೀರು ಮೇಲಿನ ಗೋಮಾಳದಿಂದಲೇ ಇಳಿದು ಕಾಲುವೆ ಸೇರಿ ಕೆರೆಗೆ ಬರುತ್ತದೆ.

ಅಂಥದೊಂದು ಊರಿನಲ್ಲಿ ಕೆರೆಯ ನೀರು ಹಂಚುವ ಹಿರಿಯ ನೀರಗಂಟಿಯೊಬ್ಬರ ಜೊತೆ ಗೋಮಾಳ ಸುತ್ತಿದ್ದೆ. ಹಳದಿ ಬಳಿದ ನಿವೇಶನದ ಕಲ್ಲುಗಳ ನಡುವೆ ನನಗೆ ಕಂಡದ್ದು ಮೊಣಕಾಲುದ್ದದ ತಗ್ಗು, ಅದರ ತುಂಬ ಲಂಟಾನ. ಅವರು ಕೋಲಿನಿಂದ ಗೀರು ಎಳೆದು, "ಇದು ಕೆರೆಯ ಬಾಯಿ ಸ್ವಾಮಿ" ಎಂದರು. ಪಹಣಿಯಲ್ಲಿ ಅದು ಬರೀ 'ಖರಾಬು'. ಕಂದಾಯ ಹುಟ್ಟದ ನೆಲಕ್ಕೆ ಇಲಾಖೆ ಇಟ್ಟ ಈ ಹೆಸರಿನಿಂದಾಗಿ ಎಷ್ಟು ಹಳ್ಳಕೊಳ್ಳಗಳು ಕೆಲಸಕ್ಕೆ ಬಾರದವೆನಿಸಿಕೊಂಡವೋ!

ಹಾಗೆಂದು ಮನೆಯಿಲ್ಲದವರಿಗೆ ಜಾಗ ಕೊಡಬೇಡಿ ಎನ್ನುತ್ತಿಲ್ಲ. ಊರಿನ ಸಾಮುದಾಯಿಕ ಜಮೀನುಗಳ ಒತ್ತುವರಿ ತೆರವುಗೊಳಿಸಬೇಕೆಂದು 2011ರ ಜನವರಿಯಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್ ಕೂಡ, ಸರ್ಕಾರಿ ಅಧಿಸೂಚನೆಯಡಿ ಭೂರಹಿತ ಕೂಲಿಕಾರರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಕೊಟ್ಟ ಜಾಗವನ್ನು ವಿನಾಯಿತಿಯ ಸಾಲಿಗೆ ಸೇರಿಸಿದೆ. ಪೇಟೆಯಲ್ಲಿ ಮನೆಯಿದ್ದೂ ಊರಲ್ಲೊಂದು ಸೈಟಿರಲಿ ಎನ್ನುವವರಿಗೆ ಆ ಮಾತು ಅನ್ವಯಿಸುವುದಿಲ್ಲ. ನಿಮ್ಮ ಪಂಚಾಯಿತಿಯ ಪಟ್ಟಿಯಲ್ಲಿ ಅಂಥವರೆಷ್ಟು ಎಂಬುದನ್ನು ಮೊದಲು ನೋಡಿ.

ನನ್ನ ಸಲಹೆ ಇಷ್ಟೇ. ಸರ್ವೆ ಇಲಾಖೆಯಿಂದ ಗ್ರಾಮ ನಕ್ಷೆಯ ಪ್ರತಿ ತಂದು, ಒಂದು ಜೋರು ಮಳೆಯ ಮರುದಿನ ಅದನ್ನು ಹಿಡಿದು ಗೋಮಾಳವನ್ನು ನಡೆದು ನೋಡಿ, ನೀರು ಹರಿದ ಜಾಡನ್ನೂ ಊರ ಮರಗಳ ಗುಂಡುತೋಪನ್ನೂ ಗುರುತು ಮಾಡಿ. ಅದರಾಚೆ, ಗ್ರಾಮಠಾಣೆಗೆ ಅಂಟಿದ ಗಟ್ಟಿನೆಲ ಎಷ್ಟಿದೆಯೋ ಅಷ್ಟನ್ನೇ ನಿವೇಶನಕ್ಕೆ ಕೇಳುವ ಠರಾವು ಗ್ರಾಮಸಭೆಯಲ್ಲಿ ಆಗಲಿ. ನಕ್ಷೆಯನ್ನು ಸಭೆಯ ಗೋಡೆಗೆ ತೂಗುಹಾಕಿ, ನಿಮ್ಮೂರ ನೀರಗಂಟಿಯನ್ನು ಮೊದಲು ಮಾತಾಡಲು ಬಿಡಿ.

— ಸಂಪಾದಕ