ನಿಜವಾದ ಪೈಲಟ್ ವಾಚ್ ಅಂದರೆ ಯಾವುದು? ಫ್ಲೈಯಿಂಗ್ ಸ್ಕೂಲಿಗೆ ಸೇರುವ ಮೊದಲು 45 ಸಾವಿರದ ಜಿಎಂಟಿ ವಾಚ್ (ಎರಡು ಕಡೆಯ ಸಮಯ ಒಟ್ಟಿಗೆ ತೋರಿಸುವಂಥದ್ದು) ತಗೊಳ್ಳಲೇ? ಸುತ್ತ ಸ್ಲೈಡ್ ರೂಲ್, ಅಂದರೆ ತಿರುಗಿಸಿ ಲೆಕ್ಕ ಮಾಡುವ ಚಕ್ರ, ಇರುವ ವಾಚು ಹೇಗೆ? ಹೀಗಂತ ಕೇಳಿದ್ದೀರಿ.

ನಾನು ಯಾರನ್ನೂ ಕೇಳದೆ ತಗೊಂಡಿದ್ದೆ. ಹನ್ನೆರಡು ವರ್ಷದ ಹಿಂದೆ, 38 ಸಾವಿರ ರೂಪಾಯಿ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಟ್ರೈನಿಂಗ್‌ಗೆ ಅಂತ ಕೊಟ್ಟ ದುಡ್ಡು ಅದು. ಮೊದಲ ಕಂತು ಕಟ್ಟಿದ ವಾರವೇ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಕೈಗೆ ಕಟ್ಟಿಕೊಂಡು ಬಂದೆ.

ನಾನು ಬೆಳೆದದ್ದು ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಹತ್ತಿರ. ಪುಟ್ಟ ಟ್ರೈನಿಂಗ್ ವಿಮಾನ ತಲೆ ಮೇಲೆ ಹೋದರೆ ತಟ್ಟೆ ಬಿಟ್ಟು ತಾರಸಿಗೆ ಓಡುತ್ತಿದ್ದೆ. ಪೈಲಟ್ ಅಂದರೆ ಬಿಳಿ ಶರ್ಟು, ಕೈಯಲ್ಲಿ ದಪ್ಪ ವಾಚು ಅನ್ನೋದು ಆಗಲೇ ತಲೆಯಲ್ಲಿ ಕೂತಿತ್ತು. ನಿಮ್ಮ ತಲೆಯಲ್ಲೂ ಅದೇ ಇದೆ ಅಂತ ಪ್ರಶ್ನೆ ಓದಿದಾಗ ಅನಿಸಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ವಿಮಾನಕ್ಕೆ ಸಂಬಂಧಪಟ್ಟ ಕಾಗದಪತ್ರ ನಡೆಯೋದು ಯುಟಿಸಿಯಲ್ಲಿ, ಅಂದರೆ ಇಡೀ ಪ್ರಪಂಚಕ್ಕೆ ಒಂದೇ ಆದ ಸಮಯದಲ್ಲಿ. ಝುಲು ಟೈಮ್ ಅಂತಾರೆ. ಫ್ಲೈಟ್ ಪ್ಲಾನ್, ಹವಾಮಾನ ವರದಿ ಎಲ್ಲ ಅದರಲ್ಲೇ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಜಿಎಂಟಿ ವಾಚಿನಲ್ಲಿ ನಾಲ್ಕನೆಯದೊಂದು ಮುಳ್ಳಿರುತ್ತದೆ, ಅದು 24 ಗಂಟೆಯ ಅಂಕಿಗಳ ಮೇಲೆ ದಿನಕ್ಕೆ ಒಂದೇ ಸುತ್ತು ಹಾಕುತ್ತದೆ. 1950ರ ದಶಕದಲ್ಲಿ ರೋಲೆಕ್ಸ್ ಇಂಥದ್ದೊಂದನ್ನು ಅಮೆರಿಕದ ವಿಮಾನ ಕಂಪನಿ ಪ್ಯಾನ್ ಆ್ಯಮ್ ಪೈಲಟ್‌ಗಳಿಗಾಗಿ ಮಾಡಿತು, ಅಲ್ಲಿಂದ ಇದಕ್ಕೆ ಪೈಲಟ್ ವಾಚ್ ಅನ್ನೋ ಹೆಸರು ಬಂತು. ದೊಡ್ಡ ಮುಳ್ಳುಗಳಲ್ಲಿ ನಮ್ಮ ಸಮಯ, ನಾಲ್ಕನೆಯದರಲ್ಲಿ ಝುಲು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ನಾನೂ ಹಾಗೇ ಅಂದುಕೊಂಡೆ.

ಈಗ ನಾನು ಹೇಳೋದನ್ನು ನಿಧಾನವಾಗಿ ಓದಿ. ಬೇಕಾದರೆ ಒಂದು ಕಾಗದ ಇಟ್ಟುಕೊಳ್ಳಿ.

ನಾಲ್ಕನೆಯ ಮುಳ್ಳನ್ನು ಮಾತ್ರ ತಿರುಗಿಸಿದರೆ ಅದು ಒಂದೊಂದು ಗಂಟೆಯೇ ಹಾರುತ್ತದೆ. ಅರ್ಧ ಗಂಟೆ ಹಾರೋದಿಲ್ಲ. ನಿಮಿಷದ ಮುಳ್ಳು ಇಡೀ ವಾಚಿಗೆ ಒಂದೇ. ನಮ್ಮದು 1906ರಿಂದಲೂ ಅರ್ಧ ಗಂಟೆಯ ಲೆಕ್ಕದ ದೇಶ. ಬೆಂಗಳೂರಿನಲ್ಲಿ ಬೆಳಗ್ಗೆ 7 ಗಂಟೆ ಆದಾಗ ಝುಲು 01:30. ಆದರೆ 7 ಗಂಟೆಗೆ ನಿಮಿಷದ ಮುಳ್ಳು 12ರ ಮೇಲಿರುತ್ತದೆ, ನಾಲ್ಕನೆಯ ಮುಳ್ಳು 1ರ ಮೇಲೋ 2ರ ಮೇಲೋ ನಿಲ್ಲಲೇಬೇಕು. ಒಂದೂವರೆ ತೋರಿಸೋಕೆ ಅದಕ್ಕೆ ಬರೋದೇ ಇಲ್ಲ. 1ರ ಮೇಲಿಟ್ಟರೆ ನೀವು ಮನಸ್ಸಿನಲ್ಲೇ ಅರ್ಧ ಗಂಟೆ ಕೂಡಿಸಬೇಕು. 2ರ ಮೇಲಿಟ್ಟರೆ ಅರ್ಧ ಗಂಟೆ ಕಳೆಯಬೇಕು.

ನಾನು ಮೊದಲ ದಿನದಿಂದ ಕಡಿಮೆ ಕಡೆಗೆ ಇಟ್ಟುಕೊಂಡಿದ್ದೆ. ಮುಳ್ಳು ನೋಡು, ಅರ್ಧ ಕೂಡಿಸು. ಆರು ತಿಂಗಳಲ್ಲಿ ಅದು ಎಷ್ಟು ರೂಢಿಯಾಯಿತು ಅಂದರೆ ಕೂಡಿಸುತ್ತಿದ್ದೇನೆ ಅನ್ನೋದೇ ಮರೆತುಹೋಗಿತ್ತು.

ಮೇ ತಿಂಗಳ ಕೊನೆ. ಲೈಸೆನ್ಸಿಗೆ ಬೇಕಾದ 300 ನಾಟಿಕಲ್ ಮೈಲಿಯ ಒಂಟಿ ಕ್ರಾಸ್ ಕಂಟ್ರಿ ಹಾರಾಟ ನನ್ನ ಸರದಿಗೆ ಬಂತು. ಎರಡು ಬೇರೆ ಬೇರೆ ಏರೋಡ್ರೋಮ್‌ನಲ್ಲಿ ಇಳಿದು, ನಿಂತು, ವಾಪಸ್ ಬರಬೇಕು. ಎರಡು ದಿನದ ಹಿಂದೆ ವಾಚು ನಿಂತಿತ್ತು. ಅವೆನ್ಯೂ ರೋಡಿನಲ್ಲಿ ಸೆಲ್ ಹಾಕಿಸಿದೆ. ಅಂಗಡಿಯವರು ಸಮಯ ಸರಿ ಮಾಡಿಕೊಟ್ಟರು. ನಾಲ್ಕನೆಯ ಮುಳ್ಳನ್ನು ನಾನೇ ಬಸ್ಸಿನಲ್ಲಿ ನಿಂತುಕೊಂಡು ಇಟ್ಟೆ. ಸಂಜೆ 6 ಗಂಟೆ, ಅಂದರೆ ಝುಲು 12:30. ಮುಳ್ಳು 12ರ ಮೇಲೆ ಇಡಬೇಕಿತ್ತು, 13ರ ಮೇಲಿಟ್ಟೆ. ಎರಡೂ ಒಂದೇ ದೂರ, ಅದಕ್ಕೇ ತಪ್ಪು ಅಂತ ಅನಿಸಲೇ ಇಲ್ಲ. ಎರಡು ಸೆಕೆಂಡಿನ ಕೆಲಸ.

ಹೊರಡೋ ದಿನ ಬೆಳಗ್ಗೆ ಸರಿಯಾಗಿ 7 ಗಂಟೆಗೆ ಫ್ಲೈಟ್ ಪ್ಲಾನ್ ಬರೆಯೋಕೆ ಕೂತೆ. ಹೊರಡುವ ಒಂದು ಗಂಟೆ ಮೊದಲು ಕೊಡಬೇಕು. ನಾನು 8ಕ್ಕೆ ಹೊರಡಬೇಕಿತ್ತು. ವಾಚ್ ನೋಡಿದೆ. ಮುಳ್ಳು 2ರ ಮೇಲಿತ್ತು. ರೂಢಿಯಂತೆ ಅರ್ಧ ಕೂಡಿಸಿದೆ, 02:30 ಆಯಿತು. ಅದಕ್ಕೆ ಒಂದು ಗಂಟೆ ಸೇರಿಸಿ ಹೊರಡುವ ಸಮಯ 0330 ಅಂತ ಬರೆದೆ. ನಿಜವಾಗಿ ಆಗ 01:30 ಆಗಿತ್ತು, ಬರೆಯಬೇಕಿದ್ದದ್ದು 0230. ಅರ್ಧ ಗಂಟೆ ಕಳೆಯಬೇಕಾದ ಕಡೆ ಅರ್ಧ ಗಂಟೆ ಕೂಡಿಸಿದ್ದಕ್ಕೆ ಪೂರ್ತಿ ಒಂದು ಗಂಟೆ ತಪ್ಪಿತು. ಎಂಟರಲ್ಲಿ ಐದೂವರೆ ಹೋದರೆ ಎರಡೂವರೆ. ಹತ್ತು ವರ್ಷದ ಹುಡುಗನೂ ಮಾಡೋ ಲೆಕ್ಕ. ನಾನು ಮಾಡಲಿಲ್ಲ, ಯಾಕಂದರೆ ಆ ಕೆಲಸವನ್ನು ವಾಚಿಗೆ ಒಪ್ಪಿಸಿಬಿಟ್ಟಿದ್ದೆ.

8ಕ್ಕೆ ವಿಮಾನದ ಒಳಗೆ ಕೂತು ರೇಡಿಯೋದಲ್ಲಿ ಹೊರಡೋಕೆ ಅನುಮತಿ ಕೇಳಿದಾಗ, ನಿಮ್ಮ ಪ್ಲಾನ್ ಇರೋದು 0330ಕ್ಕೆ ಅಂತ ಕಂಟ್ರೋಲ್ ಟವರಿನವರು ಅಂದರು. ಮೊದಲು ಅವರದ್ದೇ ತಪ್ಪು ಅಂದುಕೊಂಡೆ. ಆಮೇಲೆ ತೊಡೆಯ ಮೇಲಿದ್ದ ಬೋರ್ಡಿನಲ್ಲಿ ನನ್ನ ಕೈಬರಹವೇ ಕಂಡಿತು. ಹೊಸ ಸಮಯಕ್ಕೆ ಮತ್ತೆ ಅನುಮತಿ ಕೇಳಿ ಅದು ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ನನ್ನದು ಒಟ್ಟು ನಾಲ್ಕೂವರೆ ಗಂಟೆಯ ಪ್ರಯಾಣ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಶುರುವಾಗುತ್ತದೆ, ಮಧ್ಯಾಹ್ನ 1 ಗಂಟೆ ಹೊಡೆಯುವ ಮೊದಲು ನೆಲದ ಮೇಲಿರಬೇಕು ಅನ್ನೋದು ನಮ್ಮ ಇನ್‌ಸ್ಟ್ರಕ್ಟರ್ ಹಾಕಿದ್ದ ನಿಯಮ. ಅವರು ವಿಮಾನದ ಹತ್ತಿರ ನಡೆದು ಬಂದರು. "ಇಳಿಯಪ್ಪ, ಇವತ್ತು ಬೇಡ" ಅಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಮುಂದಿನ ವಾರ ಮಳೆ ಹಿಡಿಯಿತು. ನನ್ನ ಸರದಿ ಮತ್ತೆ ಬಂದದ್ದು ಏಳು ವಾರ ಕಳೆದ ಮೇಲೆ. ಅಷ್ಟು ದಿನ ಹಾರದೆ ಇದ್ದದ್ದಕ್ಕೆ ಇನ್‌ಸ್ಟ್ರಕ್ಟರ್ ಜೊತೆ ಎರಡು ಗಂಟೆ ಹಾರಿ ತೋರಿಸಬೇಕಾಯಿತು. ಅದರ ದುಡ್ಡು ಬೇರೆ. ಅಪ್ಪನಿಗೆ ಫೋನ್ ಮಾಡಿ ಇನ್ನೂ 20 ಸಾವಿರ ಬೇಕು ಅಂತ ಹೇಳಿದ ಸಂಜೆ ನನಗೆ ಇವತ್ತಿಗೂ ನೆನಪಿದೆ. ಅವರು ಯಾಕೆ ಅಂತ ಕೇಳಲಿಲ್ಲ.

ಜಿಎಂಟಿ ವಾಚಿನ ದೊಡ್ಡ ಮುಳ್ಳುಗಳನ್ನೇ ಝುಲುಗೆ ಇಟ್ಟರೆ ಆಗಲ್ವಾ ಅಂತ ನೀವು ಕೇಳಬಹುದು. ಖಂಡಿತ ಆಗುತ್ತದೆ. ಆದರೆ ಆಗ ನಾಲ್ಕನೆಯ ಮುಳ್ಳಿಗೆ ಕೆಲಸ ಇಲ್ಲ, ನೀವು ಜಾಸ್ತಿ ದುಡ್ಡು ಕೊಡುತ್ತಿರೋದು ಅದಕ್ಕೇ.

ಇನ್ನು "ನಿಜವಾದ ಪೈಲಟ್ ವಾಚ್" ಅನ್ನೋ ಮಾತು. ಆ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಈ ಹೆಸರಿನಲ್ಲಿ ಮಾರುವ ಬಹಳಷ್ಟು ವಾಚುಗಳ ಮೂಲ ಎರಡನೇ ಮಹಾಯುದ್ಧದ ಜರ್ಮನ್ ವಾಚು. ಕಪ್ಪು ಡಯಲ್, 12ರ ಜಾಗದಲ್ಲಿ ತ್ರಿಕೋನ, ಅದರ ಅಕ್ಕಪಕ್ಕ ಎರಡು ಚುಕ್ಕಿ. 55 ಮಿಲಿಮೀಟರ್ ಅಗಲ, ದಪ್ಪ ಜಾಕೆಟ್ ತೋಳಿನ ಮೇಲೆ ಕಟ್ಟಿಕೊಳ್ಳಲು ಉದ್ದದ ಚರ್ಮದ ಪಟ್ಟಿ. ಅದು ಪೈಲಟ್‌ಗೆ ಅಂತ ಮಾಡಿದ್ದಲ್ಲ, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್‌ಗೆ. ಬ್ರಿಟಿಷ್ ವಾಯುಪಡೆಗೆ 1940ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಐಡಬ್ಲ್ಯುಸಿ ಕಂಪನಿ ಮಾಡಿಕೊಟ್ಟ ಮಾರ್ಕ್ 11 ಕೂಡ ನ್ಯಾವಿಗೇಟರ್ ವಾಚೇ. ಅದರಲ್ಲಿ ಆಯಸ್ಕಾಂತದ ಪ್ರಭಾವ ತಡೆಯೋಕೆ ಒಳಗೆ ಮೆದು ಕಬ್ಬಿಣದ ಗೂಡಿತ್ತು. ಡಯಲ್ ಮಾತ್ರ ತುಂಬ ಸರಳ, ಸಮಯ ಬಿಟ್ಟರೆ ಇನ್ನೇನೂ ಇಲ್ಲ. 1904ರಲ್ಲಿ ಕಾರ್ಟಿಯೇ ಕಂಪನಿಯವರು ಬ್ರೆಜಿಲಿನ ಹಾರಾಟಗಾರ ಸಾಂತೋಸ್ ದ್ಯುಮೋಂಟ್‌ಗೆ ಮಾಡಿಕೊಟ್ಟದ್ದೂ ಅಷ್ಟೇ. ಹಾರುವಾಗ ಎರಡೂ ಕೈಗೆ ಕೆಲಸ ಇರುತ್ತದೆ, ಜೇಬಿನಿಂದ ಗಡಿಯಾರ ತೆಗೆಯೋಕೆ ಆಗಲ್ಲ, ಆದ್ದರಿಂದ ಅದು ಮಣಿಕಟ್ಟಿಗೆ ಬಂತು. ಆಗ ಯಾರೂ ವಾಚಿನಿಂದ ಲೆಕ್ಕ ಮಾಡಿಸಲು ಹೋಗಲಿಲ್ಲ. ನೋಡಿದ ತಕ್ಷಣ ಕಂಡರೆ ಸಾಕಿತ್ತು.

ಪೈಲಟ್ ವಾಚಿಗೆ ಒಂದು ಮಾನದಂಡವೂ ಇದೆ, 2016ರ ಜರ್ಮನಿಯ ಡಿಐಎನ್ 8330. ಓದೋಕೆ ಸುಲಭ ಇರಬೇಕು, ಗಾಳಿಯ ಒತ್ತಡ ಬದಲಾದರೂ ಅದುರಿದರೂ ಕೆಡಬಾರದು ಅಂತೆಲ್ಲ. ಒಳ್ಳೆಯದೇ. ಆದರೆ ಮಾಲ್‌ನಲ್ಲಿ ಪೈಲಟ್ ವಾಚ್ ಅಂತ ಮಾರೋಕೆ ಆ ಪರೀಕ್ಷೆ ಪಾಸಾಗಬೇಕು ಅಂತೇನಿಲ್ಲ.

ಸ್ಲೈಡ್ ರೂಲ್ ಇರುವ ವಾಚಿನ ಬಗ್ಗೆಯೂ ಕೇಳಿದ್ದೀರಿ. 1952ರ ಬ್ರೈಟ್ಲಿಂಗ್ ನ್ಯಾವಿಟೈಮರ್ ಆ ಕಾಲಕ್ಕೆ ದೊಡ್ಡ ವಸ್ತು. ನಿಮಗೆ ಅದು ಬೇಡ. ಅದೇ ಲೆಕ್ಕ ಮಾಡುವ ಅಂಗೈಗಿಂತ ದೊಡ್ಡ ಚಕ್ರ ಸ್ಕೂಲಿನಲ್ಲೇ ಕೈಗೆ ಬರುತ್ತದೆ.

ನಿಮಗೆ ನಿಜವಾಗಿ ಬೇಕಾಗಿರೋದು ಸ್ಪಷ್ಟವಾದ ನಿಮಿಷದ ಗೆರೆ, ಗೆರೆ ಮುಟ್ಟುವ ಸೆಕೆಂಡ್ ಮುಳ್ಳು. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಒಂದು ನಿಮಿಷಕ್ಕೆ ವಿಮಾನ ಹಿಮ್ಮುಖ ಆಗುತ್ತದೆ. 90 ನಾಟ್ ವೇಗದಲ್ಲಿ ಹೋಗುತ್ತಿದ್ದರೆ ನಿಮಿಷಕ್ಕೆ ಒಂದೂವರೆ ನಾಟಿಕಲ್ ಮೈಲಿ. ಕೆರೆ ದಾಟಿದ ನಿಮಿಷ ಬರೆದುಕೊಂಡಿರುತ್ತೀರಿ, ಮುಂದಿನ ರೈಲ್ವೆ ಸೇತುವೆ 12 ನಾಟಿಕಲ್ ಮೈಲಿ ದೂರ, ಅಂದರೆ 8 ನಿಮಿಷ. 8 ನಿಮಿಷಕ್ಕೆ ಸೇತುವೆ ಕಾಣದೆ ಇದ್ದರೆ ಗಾಳಿ ನಿಮ್ಮನ್ನು ಎಲ್ಲೋ ತಳ್ಳಿದೆ. ಆ ಹೊತ್ತಿನಲ್ಲಿ ಮೂರು ಪುಟ್ಟ ಡಯಲ್‌ಗಳ ನಡುವೆ ನಿಮಿಷ ಹುಡುಕುತ್ತಾ ಕೂರೋಕೆ ಆಗಲ್ಲ.

ಆ ಮೇ ತಿಂಗಳ ನಂತರ ನಾನು ಕಟ್ಟಿದ್ದು ಸೋದರಮಾವನ ಹಳೇ ಎಚ್‌ಎಂಟಿ ಪೈಲಟ್. ಅವರು ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕಪ್ಪು ಡಯಲ್, ದಪ್ಪ ಬಿಳಿ ಅಂಕಿ, 17 ಜ್ಯುವೆಲ್, ಬೆಳಗ್ಗೆ ಕೀ ಕೊಡಬೇಕು. ಹೆಸರಿನಲ್ಲಿ ಪೈಲಟ್ ಇದೆ ಅಂತ ಕಟ್ಟಲಿಲ್ಲ, ಮನೆಯಲ್ಲಿತ್ತು ಅಂತ ಕಟ್ಟಿದೆ. ಪೂರ್ತಿ ಝುಲುಗೆ ಇಟ್ಟೆ, ಇವತ್ತಿಗೂ ಹಾಗೇ ಇದೆ. ಬೆಳಗ್ಗೆ ಎಂಟೂವರೆಗೆ ಇಡ್ಲಿ ತಿನ್ನುವಾಗ ಅದರಲ್ಲಿ 3 ಗಂಟೆ. ರಾತ್ರಿ ಎಂಟೂವರೆಗೂ 3, ಆದರೆ ಕಿಟಕಿಯ ಆಚೆ ಕತ್ತಲಿರುತ್ತದೆ, ಆಗ 15 ಅಂತ ಓದುತ್ತೇನೆ. ಕೂಡೋದಿಲ್ಲ, ಕಳೆಯೋದಿಲ್ಲ. ನಮ್ಮ ಸಮಯ ಬೇಕಾದರೆ ಫೋನ್ ಇದೆ, ಗೋಡೆ ಗಡಿಯಾರ ಇದೆ. ಒಮ್ಮೆ ಅಮ್ಮ ವಾಚು ನಿಂತಿದೆ ಅಂದುಕೊಂಡು ಸರಿಯಾದ ಸಮಯಕ್ಕೆ ತಿರುಗಿಸಿಟ್ಟಿದ್ದರು. ಅವತ್ತಿನಿಂದ ಮನೆ ಬಿಡುವ ಮೊದಲು ಫೋನಿನ ಯುಟಿಸಿ ಜೊತೆ ತಾಳೆ ನೋಡುತ್ತೇನೆ, ಏರ್‌ಲೈನ್ ಸೇರಿದ ಮೇಲೂ ಬಿಟ್ಟಿಲ್ಲ.

ನೀವು ಎಚ್‌ಎಂಟಿ ಹುಡುಕಿಕೊಂಡು ಹೋಗಬೇಕಿಲ್ಲ. ಕಾರ್ಖಾನೆ ಮುಚ್ಚಿ ವರ್ಷಗಳಾದವು, ಆನ್‌ಲೈನ್‌ನಲ್ಲಿ ಸಿಗುವ ಪೈಲಟ್‌ಗಳಲ್ಲಿ ಹೊಸದಾಗಿ ಬಣ್ಣ ಹೊಡೆದ ಡಯಲ್‌ಗಳೇ ಜಾಸ್ತಿ. ನಮ್ಮ ಇನ್‌ಸ್ಟ್ರಕ್ಟರ್ ಕಟ್ಟುತ್ತಿದ್ದದ್ದು ಕ್ಯಾಸಿಯೋದ ಡಿಜಿಟಲ್ ವರ್ಲ್ಡ್ ಟೈಮ್ ವಾಚು. ಅದರಲ್ಲಿ ಯುಟಿಸಿ ಅಂತಲೇ ಇರುತ್ತದೆ, ಅರ್ಧ ಗಂಟೆಯ ವ್ಯತ್ಯಾಸವೂ ಸರಿಯಾಗಿ ಬರುತ್ತದೆ, ಸ್ಟಾಪ್‌ವಾಚ್ ಇದೆ. ನಿಮ್ಮ ಬಜೆಟ್ಟಿನ ಹತ್ತರಲ್ಲಿ ಒಂದು ಭಾಗಕ್ಕೆ ಸಿಗುತ್ತದೆ.

ಅಂಗಡಿಗೆ ಹೋದರೆ ಹೀಗೆ ಮಾಡಿ. ವಾಚ್ ಕಟ್ಟಿಕೊಂಡು ಕೈಯನ್ನು ತೊಡೆಯ ಮೇಲಿಡಿ. ಜೊತೆಗಿರುವವರು ಹೇಳಿದಾಗ ಒಂದೇ ಸಲ ಕಣ್ಣು ಹಾಯಿಸಿ, ಮುಖ ತಿರುಗಿಸಿ, ಗಂಟೆ ನಿಮಿಷ ಸೆಕೆಂಡ್ ಹೇಳಿ. ಹತ್ತು ಸಲ ಮಾಡಿ. ಒಂದು ಸಲ ತಪ್ಪಿದರೂ ಅದನ್ನು ಅಲ್ಲೇ ಬಿಚ್ಚಿಟ್ಟು ಬನ್ನಿ. ಉಳಿದ 40 ಸಾವಿರ ಹಾಗೇ ಇಟ್ಟಿರಿ. ಮಳೆಗಾಲದಲ್ಲಿ ನಿಮಗೂ ಒಂದೆರಡು ಗಂಟೆ ಜಾಸ್ತಿ ಹಾರಬೇಕಾಗಿ ಬರುತ್ತದೆ, ಅವತ್ತು ಮನೆಗೆ ಫೋನ್ ಮಾಡೋದು ತಪ್ಪುತ್ತದೆ.